ಸೀಡಿ ಇಲ್ಲದ ಪ್ರಿಂಟರ್

ಸರ್ವೋತ್ತಮ: ಸೀಡಿ ಎಲ್ಲುಂಟು? ಅಂಗಡಿಯ ಲಿಯೋನೆಲ್ ನಮಗೆ ಸರಿಯಾಗಿ ಟೋಪಿ ಹಾಕಿದ್ದಾನೆ!

ಕಾಪುವಿನ ಮನೆಯ ಚಾವಡಿಯಲ್ಲಿ ಸರ್ವೋತ್ತಮ ಹೊಸ ಪ್ರಿಂಟರಿನ ಖಾಲಿ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದರು. ಮಗಳು ತೃಷಾ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟು ಹೋದ ತನ್ನ ನಿಶ್ಚಿತಾರ್ಥದ ಆಮಂತ್ರಣ ಇವತ್ತೇ ಅಚ್ಚಾಗಬೇಕು. ಹೆಂಡತಿ ಗುಣವತಿ ವಯರು ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಗುಣವತಿ: ಸೀಡಿ ಎಲ್ಲ ಬೇಡ ಅಂತ ಅವನು ಹೇಳಿದ್ದು ಕೇಳಲಿಲ್ವಾ? ವಯರು ಸಿಕ್ಕಿಸಿದ್ರೆ ಸಾಕಂತೆ. ಕಂಪ್ಯೂಟರ್ ತಾನೇ ಗುರ್ತ ಹಿಡಿದು ಎಲ್ಲ ಸೆಟ್ ಮಾಡಿಕೊಳ್ತದಂತೆ.

ಸರ್ವೋತ್ತಮ: ಪರಿಚಯ ಇಲ್ಲ, ಎಂತ ಇಲ್ಲ, ಹೇಗೆ ಗುರ್ತ ಹಿಡಿಯುವುದು ಮಾರಾಯ್ತಿ? ಕಂಪ್ಯೂಟರಿಗೆ ಸೀಡಿ ಹಾಕಿಯೂ ಹಳೇ ಪ್ರಿಂಟರ್ ಶುರುವಾಗಲಿಕ್ಕೆ ಎರಡು ದಿವಸ ಬೇಕಾಯ್ತು. ಒಡಹುಟ್ಟಿದ ಅಣ್ಣನಿಗೇ ನನ್ನ ಗುರ್ತ ಸಿಗಲಿಲ್ಲ, ಇನ್ನು ಈ ಡಬ್ಬಕ್ಕೆ ಸಿಗ್ತದಾ?

ಅಲ್ಲಿಗೆ ಬಂತು ನೋಡಿ ಮಾತು! ಮೂರು ವರ್ಷದ ಹಿಂದೆ ಅಣ್ಣ ದೂಮಪ್ಪ ತಮ್ಮದೇ ಮಗಳ ಮದುವೆಯಲ್ಲಿ ಸಭಾಂಗಣದ ಬಾಗಿಲಿಗೆ ನಿಂತು, ಸರ್ವೋತ್ತಮರಿಗೇ ಕೈಮುಗಿದು, "ತಾವು ಗಂಡಿನ ಕಡೆಯವರಾ?" ಎಂದು ಕೇಳಿದ್ದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಗುಣವತಿ: ಭಾವ ಆ ದಿವಸ ಕನ್ನಡಕ ಮರೆತು ಬಂದಿದ್ರು. ಎಷ್ಟು ಸಲ ಹೇಳುವುದು?

ಸರ್ವೋತ್ತಮ: ಕಣ್ಣು ಕಾಣದಿದ್ರೆ ಬೇಡ, ಸ್ವರ ಗೊತ್ತಾಗುವುದಿಲ್ವಾ? "ಅಣ್ಣಾ" ಅಂತ ಕರೆದೆ. "ನಿಮ್ಮಣ್ಣ ಒಳಗೆ ಇರಬಹುದು, ಹೋಗಿ ಕೂತ್ಕೊಳ್ಳಿ" ಅಂದ!

ಗುಣವತಿ: ಆದ್ರೂ ದೊಡ್ಡಪ್ಪನ ಹೆಸರಿಲ್ಲದ ಆಮಂತ್ರಣ ಹಂಚಲಿಕ್ಕೆ ನನ್ನಿಂದ ಆಗುವುದಿಲ್ಲ.

ಸರ್ವೋತ್ತಮ: ಸರಿ. ಸೀಡಿ ಇಲ್ಲದೆ ಈ ಕಂಪ್ಯೂಟರ್ ಪ್ರಿಂಟರಿನ ಗುರ್ತ ಹಿಡಿಯಲಿ, ಅಣ್ಣನ ಹೆಸರನ್ನು ನನಗಿಂತ ಮೇಲೆ ಹಾಕ್ತೇನೆ. ಸಾಕಾ?

ಗುಣವತಿ: ಮಾತು ತಪ್ಪಬಾರದು ಮತ್ತೆ.

ಗುಣವತಿ ವಯರು ಸಿಕ್ಕಿಸಿದರು. ಟಿಂಗ್ ಎಂದಿತು ಕಂಪ್ಯೂಟರ್. 'ಹೊಸ ಸಾಧನ ಸಿಕ್ಕಿದೆ' ಎಂದು ಪರದೆಯ ಮೇಲೆ ಬಂತು. ಅರೆಗಳಿಗೆಯಲ್ಲಿ 'ಸಿದ್ಧವಾಗಿದೆ' ಎಂದೂ ಬಂತು. ಈ ಡಬ್ಬಕ್ಕಿರುವ ಬುದ್ಧಿ ಅಣ್ಣನಿಗಿರಲಿಲ್ಲವಲ್ಲ ಎಂದು ಸರ್ವೋತ್ತಮರ ಹೊಟ್ಟೆ ಉರಿಯಿತು.

ಸರ್ವೋತ್ತಮ: ಆಯ್ತು, ಸೋತೆ. ತೃಷಾ ಬರಲಿ, ಹೆಸರು ಟೈಪ್ ಮಾಡಿಸುವ.

ಅಷ್ಟರಲ್ಲಿ ಗುಣವತಿ ಗುಂಡಿ ಒತ್ತಿಯಾಗಿತ್ತು. ಪ್ರಿಂಟರ್ ಗುರ್ರೆಂದು ಆಮಂತ್ರಣದ ಒಂದು ಹಾಳೆ ಹೊರಹಾಕಿತು. ಕೊನೆಯಲ್ಲಿ 'ಸುಖಾಗಮನಾಭಿಲಾಷಿಗಳು: ಶ್ರೀ ದೂಮಪ್ಪ ಮತ್ತು ಮನೆಯವರು' ಎಂದಿತ್ತು. ಸರ್ವೋತ್ತಮ, ಗುಣವತಿ ಅದರ ಕೆಳಗೆ. ಅಣ್ಣನ ಹೆಸರು ಕಂಡದ್ದೇ ಸರ್ವೋತ್ತಮ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಗುಣವತಿ ನೋಡಿದ್ದು ಗೊತ್ತಾಗಿ, ಅದನ್ನು ಮುಚ್ಚಲಿಕ್ಕೆ ಗದರಿದರು.

ಸರ್ವೋತ್ತಮ: ಇದನ್ನು ಯಾರು ಹಾಕಿದ್ದು?

ಗುಣವತಿ: ನನಗೆಂತ ಗೊತ್ತು ಮಾರಾಯ್ರೆ? ಎಲ್ಲ ತನ್ನಷ್ಟಕ್ಕೇ ಸೆಟ್ ಆಗ್ತದೆ ಅಂತ ಲಿಯೋನೆಲ್ ಹೇಳಿದ್ದಲ್ವಾ?