ಛಾವಣಿಯ ಏಕೈಕ ಮ್ಯಾಂಗೋಸ್ಟೀನ್ ಹಣ್ಣನ್ನು ಕಾಯುವ ಹಾಗೂ ರುಚಿ ನೋಡುವ ಕ್ರಮ

ಛಾವಣಿ ಮತ್ತು ನೀರಿನ ತೊಟ್ಟಿಗಳ ಉಸ್ತುವಾರಿ ಶಾಖೆ
ಸಂಖ್ಯೆ: ಛಾನೀಉ/ಹಣ್ಣು-೦೧/ತೊಳೆ-೦೬
ದಿನಾಂಕ: ಈ ತಿಂಗಳ ೨೨

ಸುತ್ತೋಲೆ

ವಿಷಯ: ಸಿಬ್ಬಂದಿ ವಸತಿಗೃಹದ ಛಾವಣಿಯ ಮೇಲಿನ ಗಿಡದಲ್ಲಿ ಬಿಟ್ಟಿರುವ ಒಂದು (೧) ಮ್ಯಾಂಗೋಸ್ಟೀನ್ ಹಣ್ಣಿನ ಬಗ್ಗೆ.

ಉಲ್ಲೇಖ: (೧) ಹಳೆಯ ಕಡತಗಳ ಕೋಣೆಯ ಗುಮಾಸ್ತರ ಲಿಖಿತ ಮನವಿ. (೨) ಅದೇ ವಿಷಯವಾಗಿ ಅವರ ಪತ್ನಿ ಮೆಟ್ಟಿಲ ಮೇಲೆ ನಿಂತು ಆಡಿದ ಮಾತು.

ಸದರಿ ಗುಮಾಸ್ತರು ಒಂಬತ್ತು ವರ್ಷಗಳ ಹಿಂದೆ ಕಚೇರಿಯ ತೂತುಬಿದ್ದ ನೀರಿನ ಡ್ರಮ್ಮೊಂದರಲ್ಲಿ ಬೀಜ ಊರಿದ್ದು, ಬೀಜವು ಯಾರ ಅನುಮತಿಯನ್ನೂ ಪಡೆಯದೆ ಮೊಳೆತಿರುತ್ತದೆ. ಕಳೆದ ವರ್ಷ ಮೊದಲ ಬಾರಿಗೆ ಹೂ ಬಿಟ್ಟಾಗ, ಮೇಲಧಿಕಾರಿಗಳ ಭೇಟಿಯ ನಿಮಿತ್ತ ಛಾವಣಿ ಗುಡಿಸಿದವರು ಧೂಳು ಹೋಗಲೆಂದು ಗಿಡವನ್ನೂ ಜಾಡಿಸಿದ್ದರಿಂದ ಹೂಗಳೆಲ್ಲ ಉದುರಿದವು. ಮೇಲಧಿಕಾರಿಗಳು ಛಾವಣಿಗೆ ಬರಲಿಲ್ಲ.

ಈ ವರ್ಷ ಒಂದು ಕಾಯಿ ನಿಂತಿದೆ. ಮಾಗಲು ಇನ್ನೂ ಇಪ್ಪತ್ತು ದಿನ ಬೇಕು. ಗುಮಾಸ್ತರಾದರೋ ಈ ತಿಂಗಳ ಕೊನೆಯ ದಿನ ನಿವೃತ್ತರಾಗಲಿದ್ದು, ಅಂದೇ ಮನೆಯ ಬೀಗದ ಕೈ ಒಪ್ಪಿಸಬೇಕಾಗಿದೆ. ಡ್ರಮ್ಮು ಕಚೇರಿಯದಾದ್ದರಿಂದ ಗಿಡವನ್ನು ಒಯ್ಯುವಂತಿಲ್ಲ. ಬೇರು ತೂತಿನಿಂದ ಹೊರಬಂದು ಛಾವಣಿಯ ಬಿರುಕನ್ನು ಹಿಡಿದುಕೊಂಡಿರುವುದರಿಂದ ಒಯ್ಯುತ್ತೇನೆಂದರೂ ಬರುವುದಿಲ್ಲ. ಒಂಬತ್ತು ವರ್ಷ ಕೊಡದಲ್ಲಿ ನೀರು ಹೊತ್ತ ದಂಪತಿಯು ಹಣ್ಣಿನ ರುಚಿಯನ್ನೇ ನೋಡದೆ ಹೊರಡಬೇಕಾದ ಪ್ರಸಂಗ ಉದ್ಭವಿಸಿರುವ ಕಾರಣ, ಸರ್ವರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಕಾಯಿಯನ್ನು ದಿನಕ್ಕೊಮ್ಮೆ ಮಾತ್ರ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡತಕ್ಕದ್ದು. ಮಾಗಿದೆಯೇ ಎಂದು ಬೆರಳಿನಿಂದ ಒತ್ತುವುದನ್ನು ನಿಷೇಧಿಸಲಾಗಿದೆ. ಈ ಹಣ್ಣಿಗಾಗಿಯೇ ನೇಮಿಸಿದ ಪರಿಶೀಲನಾ ಸಮಿತಿಯ ಮೂವರೂ ಒಂದೇ ಬೆಳಿಗ್ಗೆ ಒತ್ತಿದಾಗ ಗುಮಾಸ್ತರು, "ಒತ್ತಬೇಡಿ ಸ್ವಾಮಿ, ಅದೇನು ಕರೆಗಂಟೆನಾ? ಒಳಗಿಂದ ಯಾರೂ ಎದ್ದು ಬರಲ್ಲ" ಎಂದಿದ್ದು, ಈ ಹೇಳಿಕೆಯನ್ನು ಕಡತದಲ್ಲಿ ಇರಿಸಲಾಗಿದೆ.

೨. ಈ ಹಣ್ಣಿನ ತಳದಲ್ಲಿ ಹೂವಿನಂಥ ಗುರುತಿದ್ದು, ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಸಮಿತಿಯು ನೆಲದ ಮೇಲೆ ಅಂಗಾತ ಮಲಗಿ ಆರು ಎಸಳು ಎಣಿಸಿರುತ್ತದೆ. ಪಾಲು ಕೋರಿ ಬಂದಿರುವ ಅರ್ಜಿಗಳು ನಲವತ್ತೊಂದು. ಆದ್ದರಿಂದ ತೊಳೆಗಳನ್ನು ಮೇಲಿನ ದರ್ಜೆಯವರಿಗೂ, ಸಿಪ್ಪೆಯನ್ನು ಮಧ್ಯಮ ದರ್ಜೆಯವರಿಗೂ, ಪರಿಮಳವನ್ನು ಉಳಿದವರಿಗೂ ಹಂಚಲಾಗಿತ್ತು. ನೀರು ಹೊತ್ತವರು ಯಾವ ದರ್ಜೆಗೂ ಸೇರದ ಕಾರಣ ಪಟ್ಟಿಯಲ್ಲಿ ಬಿಟ್ಟುಹೋಗಿದ್ದರು. ಸದರಿ ಹಂಚಿಕೆಯನ್ನು ರದ್ದುಪಡಿಸಲಾಗಿದೆ.

೩. ಫೋನಿನಲ್ಲಿ ಮಾತಾಡಲು ಛಾವಣಿಗೆ ಬರುವವರು ಗಿಡದ ಬಿಸಿಲ ಮಗ್ಗುಲಿಗೆ ನಿಂತು ನೆರಳು ನೀಡತಕ್ಕದ್ದು. ದಪ್ಪಗಿರುವವರಿಗೆ ಆದ್ಯತೆ. ಮಾತು ಮುಗಿದೂ ಬಿಸಿಲು ಉಳಿದಿದ್ದಲ್ಲಿ ಹೊಸ ಮಾತು ತೆಗೆಯತಕ್ಕದ್ದು.

೪. ಅಳಿಲಿಗೆ ನೋಟೀಸು ಅಂಟಿಸಲಾಗಿತ್ತು. ಅದು ನೋಟೀಸನ್ನು ಹರಿದು ಗೂಡಿಗೆ ಒಯ್ದಿರುವುದರಿಂದ ಖುದ್ದು ಸ್ವೀಕರಿಸಿದೆಯೆಂದು ಪರಿಗಣಿಸಲಾಗಿದೆ.

೫. ಈ ಹಣ್ಣನ್ನು ಹಿಂದೆಲ್ಲೋ ತಿಂದಿರುವುದಾಗಿ ಹೇಳಿಕೊಳ್ಳುವ ಟೈಪಿಸ್ಟರು, "ಅಯ್ಯೋ, ಏನ್ ಮಹಾ! ಸೀತಾಫಲಕ್ಕೆ ಒಂಚೂರು ಹುಳಿ ಹಿಂಡಿದ ಹಾಗಿರುತ್ತೆ ಅಷ್ಟೆ" ಎಂದು ಓಣಿಯುದ್ದಕ್ಕೂ ಹೇಳುತ್ತಿರುವುದು ಗಮನಕ್ಕೆ ಬಂದಿದೆ. ನೀರೆರೆದವರ ನಾಲಿಗೆಗೆ ತಲುಪುವ ಮುನ್ನ ರುಚಿಯನ್ನು ಬಹಿರಂಗಪಡಿಸುವುದು ಗೋಪ್ಯತೆಯ ಉಲ್ಲಂಘನೆ. ಟೈಪಿಸ್ಟರು ತಮ್ಮ ನೆನಪನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸತಕ್ಕದ್ದು.

೬. ಬೀಳ್ಕೊಡುಗೆಯ ದಿನ ಕಾಯಿಯನ್ನೇ ಕಿತ್ತು, ಹಾರದ ಜೊತೆ ಗುಮಾಸ್ತರ ಕೈಗಿಡಬಹುದೆಂದು ಉಗ್ರಾಣದವರು ಸಲಹೆ ನೀಡಿದ್ದರು. ಹಸಿರಾಗಿದ್ದಾಗ ಕಿತ್ತರೆ ಇದು ಮುಂದೆ ಮಾಗುವುದಿಲ್ಲ, ಕಲ್ಲಾಗುತ್ತದೆ. ಈ ಬಗ್ಗೆ ವಿಚಾರಿಸಲು ಹೋದ ಶಾಖಾ ಮೇಲ್ವಿಚಾರಕರಿಗೆ ಗುಮಾಸ್ತರ ಪತ್ನಿ, "ಕೊಟ್ಟೋನು ಭಗವಂತ, ಮಾಗಿಸೋನೂ ಅವನೇ. ನಮ್ಮ ಬಾಯಿಗೆ ಬಿದ್ದರೂ ಸರಿ, ನಿಮ್ಮ ಬಾಯಿಗೆ ಬಿದ್ದರೂ ಸರಿ. ಹಸಿಗಾಯಿ ಮಾತ್ರ ಕೀಳಬೇಡ್ರಪ್ಪ, ಅದಕ್ಕೆ ನೋವಾಗುತ್ತೆ" ಎಂದಿರುತ್ತಾರೆ. ತದನಂತರ ಮೇಲ್ವಿಚಾರಕರು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆಯೇ ಕುಳಿತಿದ್ದು, ಆ ಅವಧಿಯನ್ನು ಕರ್ತವ್ಯದ ಅವಧಿಯೆಂದು ಮಾನ್ಯ ಮಾಡಲಾಗಿದೆ. ಉಗ್ರಾಣದವರ ಸಲಹೆಯನ್ನು ತಿರಸ್ಕರಿಸಲಾಗಿದೆ.

೭. ಮನೆಯನ್ನು ತಿಂಗಳ ಕೊನೆಯ ದಿನವೇ ತೆರವು ಮಾಡಬೇಕೆಂಬ ನಿಯಮವನ್ನು ಸಡಿಲಿಸಲು ಈ ಶಾಖೆಗೆ ಅಧಿಕಾರವಿಲ್ಲ. ಆದರೆ ತಿಂಗಳು ಎಂದು ಮುಗಿಯುತ್ತದೆ ಎಂಬುದನ್ನು ನಿಯಮದಲ್ಲಿ ಎಲ್ಲಿಯೂ ಹೇಳಿರುವುದಿಲ್ಲ. ಆದ್ದರಿಂದ, ಸದರಿ ಕಾಯಿಯು ಪೂರ್ತಿ ನೇರಳೆ ಬಣ್ಣಕ್ಕೆ ತಿರುಗುವವರೆಗೆ, ಛಾವಣಿ ಹಾಗೂ ಅದರ ಕೆಳಗಿನ ಒಂದು ಮನೆಯ ಮಟ್ಟಿಗೆ ಈ ತಿಂಗಳು ಮುಂದುವರಿಯತಕ್ಕದ್ದು. ಮೂವತ್ತರ ನಂತರದ ದಿನಗಳನ್ನು ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು ಎಂದು ಎಣಿಸಿಕೊಂಡು ಹೋಗತಕ್ಕದ್ದು. ಆ ಮನೆ ಮಂಜೂರಾಗಿರುವ ಹೊಸ ನೌಕರರು ಮುಂದಿನ ತಿಂಗಳಲ್ಲೇ ಕಾಯುತ್ತಿರತಕ್ಕದ್ದು.

೮. ಹಣ್ಣನ್ನು ದಂಪತಿಯೇ ಬಿಡಿಸತಕ್ಕದ್ದು. ಆ ಹೊತ್ತಿನಲ್ಲಿ ಸಮಿತಿಯು ಕೆಳಗಿನ ಅಂಗಳದಲ್ಲಿದ್ದು, ಮೇಲೆ ನೋಡತಕ್ಕದ್ದಲ್ಲ. ಅವರು ತಾವಾಗಿ ಕರೆದು ಯಾರಿಗಾದರೂ ತೊಳೆ ಕೊಟ್ಟಲ್ಲಿ ಅದಕ್ಕೆ ರಸೀದಿ ಕೇಳುವಂತಿಲ್ಲ.

(ಸಹಿ)
ಮೇಲ್ವಿಚಾರಕರು
ಛಾವಣಿ ಮತ್ತು ನೀರಿನ ತೊಟ್ಟಿಗಳ ಉಸ್ತುವಾರಿ ಶಾಖೆ

ಪ್ರತಿಗಳು:
೧. ಪರಿಶೀಲನಾ ಸಮಿತಿಯ ಮೂವರು ಸದಸ್ಯರಿಗೆ, ಅನುಸರಣೆಗಾಗಿ.
೨. ಹಾಜರಿ ಶಾಖೆಗೆ, ಕ್ಯಾಲೆಂಡರಿನ ಹಾಳೆ ತಿರುವಬಾರದೆಂಬ ಕೋರಿಕೆಯೊಂದಿಗೆ.
೩. ಗುಮಾಸ್ತರ ಪತ್ನಿಗೆ, ಸಾಮಾನು ಕಟ್ಟುವುದನ್ನು ನಿಲ್ಲಿಸಲು.
೪. ಗಿಡಕ್ಕೆ (ಡ್ರಮ್ಮಿಗೆ ಅಂಟಿಸುವುದು), ಅವಸರವೇನೂ ಇಲ್ಲವೆಂಬ ಮಾಹಿತಿಗಾಗಿ.