ಅಕ್ಕನ ಕಾಗೆಬಟ್ಟೆ

ನಮ್ಮ ಅಕ್ಕನ ಮನೆಗೆ ಊಟಕ್ಕೆ ಹೋಗುವುದಿದ್ದರೆ ದಯವಿಟ್ಟು ಹಳೆಯ ಕಾಟನ್ ಸೀರೆ ಉಟ್ಟುಕೊಂಡು ಹೋಗಬೇಡಿ. ಊಟ ಚೆನ್ನಾಗಿಯೇ ಇರುತ್ತದೆ. ಆದರೆ ವಾಪಸು ಬರುವಾಗ ನೀವು ಅಕ್ಕನ ನೈಟಿಯಲ್ಲಿರುತ್ತೀರಿ, ನಿಮ್ಮ ಸೀರೆ ಅಕ್ಕನ ಕತ್ತರಿಯ ಬಾಯಲ್ಲಿರುತ್ತದೆ! ಉತ್ಪ್ರೇಕ್ಷೆ ಎನ್ನುತ್ತೀರಾ? ನನ್ನ ಹೆಂಡತಿಯನ್ನು ಕೇಳಿ. ಒಂದು ಕೈಯಲ್ಲಿ ಸಾರು ಬಡಿಸುತ್ತಾ ಇನ್ನೊಂದು ಕೈಯಲ್ಲಿ ಅವಳ ಸೆರಗನ್ನು ಉಜ್ಜಿ ನೋಡಿದ ಅಕ್ಕ, "ಒಳ್ಳೆ ಮೆತ್ತಗೆ ಆಗಿದೆ, ನೀರು ಚೆನ್ನಾಗಿ ಹೀರ್ತದೆ. ಯಾವಾಗ ಕೊಡ್ತಿ?" ಎಂದು ಕೇಳಿದ್ದಳು. ಪಾಪ, ಅದು ಅವಳ ತವರಿನವರು ಕೊಟ್ಟ ಸೀರೆ. ಅಂದಿನಿಂದ ನನ್ನ ಹೆಂಡತಿ ಅತ್ತಿಗೆಯ ಮನೆಗೆ ಜೀನ್ಸ್ ಹಾಕಿಕೊಂಡೇ ಬರುತ್ತಾಳೆ.

ನಾವು ಉಡುಪಿ ಕಡೆಯವರು. ಅಕ್ಕ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದಾಳೆ, ನಾನು ಸ್ಯಾನ್ ಡಿಯಾಗೋದಲ್ಲಿದ್ದೇನೆ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು, ಧ್ವನಿಯಲ್ಲಿ ಅದಕ್ಕಿಂತಲೂ ದೊಡ್ಡವಳು. ಎಲ್ಲರನ್ನೂ ತಿದ್ದುವ ಅವಳ ಗತ್ತು ನೋಡಿ ಇಲ್ಲಿನ ಕನ್ನಡಿಗರೆಲ್ಲ ಅವಳನ್ನು ನಿವೃತ್ತ ಹೆಡ್‌ಮಿಸ್ ಎಂದೇ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಅಕ್ಕ ಓದಿದ್ದು ಏಳನೇ ಕ್ಲಾಸಿನವರೆಗೆ. "ಅವಳಿಗೆ ಓದಿನಲ್ಲಿ ಮನಸ್ಸಿರಲಿಲ್ಲ" ಎಂದು ನಮ್ಮ ಅಮ್ಮ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿಕೊಂಡು ಬಂದಿದ್ದೆ.

ಇದೆಲ್ಲ ಶುರುವಾದದ್ದು ಕೊರೋನಾ ಕಾಲದಲ್ಲಿ. ಲಾಕ್‌ಡೌನಿನಲ್ಲಿ ಎಲ್ಲರೂ ಬ್ರೆಡ್ ಮಾಡಲು ಕಲಿತರೆ ಅಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರಿಗೆಲ್ಲ ಮಾಸ್ಕ್ ಹೊಲಿದಳು. ಪಕ್ಕದ ಮನೆಯ ನಿವೃತ್ತ ನರ್ಸ್ ಒಬ್ಬರು ಕೀನ್ಯಾದ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ವರ್ಷವರ್ಷವೂ ಹೋಗಿ ಸೇವೆ ಮಾಡಿ ಬರುತ್ತಿದ್ದರು. ಅಕ್ಕ ಅವರನ್ನು ಕರೆಯುವುದು ನರ್ಸಮ್ಮ ಎಂದೇ. ಅವರು ಒಂದು ದಿನ ಬೇಲಿಯಾಚೆ ನಿಂತು, ಅಲ್ಲಿನ ಹುಡುಗಿಯರು ಆ ದಿನಗಳಲ್ಲಿ ಬಳಸಲು ಸರಿಯಾದ ಬಟ್ಟೆಯಿಲ್ಲದೆ ತಿಂಗಳು ತಿಂಗಳೂ ಮನೆಯಲ್ಲೇ ಉಳಿಯುತ್ತಾರೆ, ಪಾಠ ತಪ್ಪುತ್ತದೆ, ಕೊನೆಗೆ ಶಾಲೆಯೇ ತಪ್ಪುತ್ತದೆ ಎಂದರಂತೆ. ಮಾತಿಗೆ ಮಾತು ಸೇರಿಸದೆ ಬಿಡದ ನಮ್ಮ ಅಕ್ಕ ಅವತ್ತು ತಟ್ಟನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಈ ವಿಷಯ ನನಗೆ ಗೊತ್ತಿರಲಿಲ್ಲ, ನೋಡಿ. ಮುಂದಿನ ಶನಿವಾರ ಮಾಸ್ಕ್ ಒಯ್ಯಲು ಹೋದವನು, ಫೋನಿನಲ್ಲಿದ್ದ ಅಕ್ಕನಿಗೆ ಯಾಕೆ ತೊಂದರೆ ಎಂದು ಬುಟ್ಟಿಯಿಂದ ನಾನೇ ಒಂದು ಎತ್ತಿಕೊಂಡೆ. ಆಹಾ, ಏನು ಡಿಸೈನು! ಹೂವಿನ ಬಟ್ಟೆ, ಒಳಗೆ ಮೆತ್ತಗೆ ಪದರ ಪದರ, ಎರಡೂ ಬದಿಗೆ ಪುಟ್ಟ ರೆಕ್ಕೆ, ರೆಕ್ಕೆಯ ತುದಿಗೆ ಟಿಚ್ ಬಟನ್! ಕಿವಿಗೆ ಸಿಕ್ಕಿಸುವ ದಾರ ಮಾತ್ರ ಇರಲಿಲ್ಲ. ಅಕ್ಕನಿಗೆ ಮರೆತಿರಬೇಕು ಎಂದುಕೊಂಡು ಕಾರಿನಲ್ಲಿದ್ದ ರಬ್ಬರ್ ಬ್ಯಾಂಡ್ ಕಟ್ಟಿಕೊಂಡೆ. ನಾನು ಇಂಜಿನಿಯರ್ ಅಲ್ಲವೇ! ಅದನ್ನು ಮುಖಕ್ಕೆ ಏರಿಸಿ ಇಂಡಿಯನ್ ಅಂಗಡಿಗೆ ಹೋಗಿ, ಕೊತ್ತಂಬರಿ ಆರಿಸುತ್ತಾ ಅರ್ಧ ಗಂಟೆ ಓಡಾಡಿದೆ. ಹೆಂಗಸರು ನನ್ನನ್ನು ನೋಡಿ ದಾರಿ ಬಿಡುತ್ತಿದ್ದರು. ಜನ ಎಷ್ಟು ಚೆನ್ನಾಗಿ ಅಂತರ ಕಾಯ್ದುಕೊಳ್ಳುತ್ತಿದ್ದಾರಲ್ಲ ಎಂದು ಸಂತೋಷವಾಯಿತು. ಸೆಲ್ಫಿ ತೆಗೆದು ಅಕ್ಕನಿಗೆ ಕಳಿಸಿ, "ಹೊಸ ಡಿಸೈನ್ ಸೂಪರ್! ಉಸಿರಾಡೋದು ಸ್ವಲ್ಪ ಕಷ್ಟ" ಎಂದು ಬರೆದೆ.

ತಕ್ಷಣ ಉತ್ತರ ಬಂತು: "ಅದು ಮೂಗಿಗೆ ಅಲ್ಲ ಮಾರಾಯಾ!"

ಆ ಸೆಲ್ಫಿಯನ್ನು ನನ್ನ ಹೆಂಡತಿ ಇವತ್ತಿಗೂ ಅಳಿಸಿಲ್ಲ. ಮನೆಯಲ್ಲಿ ಏನಾದರೂ ಭಿನ್ನಾಭಿಪ್ರಾಯ ಬಂದಾಗ ಫೋನ್ ಕೈಗೆ ತೆಗೆದುಕೊಳ್ಳುತ್ತಾಳೆ. ಅಲ್ಲಿಗೆ ನನ್ನ ಅಭಿಪ್ರಾಯ ಮುಗಿಯುತ್ತದೆ.

ಈ ಎಡವಟ್ಟಿಗೆ ಪ್ರಾಯಶ್ಚಿತ್ತವೆಂಬಂತೆ ಅಕ್ಕ ನನ್ನನ್ನು ವಾಲಂಟಿಯರ್ ಮಾಡಿಕೊಂಡಳು. ಪ್ರತಿ ಶನಿವಾರ ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಬಂದು ಅವಳ ಗ್ಯಾರೇಜಿನಲ್ಲಿ ಬಟ್ಟೆ ಕತ್ತರಿಸುವುದು, ಬಟನ್ ಒತ್ತುವುದು ನನ್ನ ಪಾಲಿನ ಕೆಲಸ. ಆಫೀಸಿನಲ್ಲಿ ಇದನ್ನು ಹೇಗೆ ಹೇಳುವುದು? "ಆಫ್ರಿಕಾದ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸಹಾಯ ಮಾಡ್ತೀನಿ" ಎಂದೆ. ನಾನು ವಿಡಿಯೋದಲ್ಲಿ ಗಣಿತ ಹೇಳಿಕೊಡುತ್ತೇನೆ ಎಂದು ಅವರೇ ಊಹಿಸಿಕೊಂಡರು. ನಾನು ತಿದ್ದಲಿಲ್ಲ. ಬಾಸ್ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿ, ಎರಡು ಮಾತಾಡಿ ಎಂದರು. ನಾನು ಗಂಟಲು ಸರಿ ಮಾಡಿಕೊಂಡು, "ನಮ್ಮದು ಮೂಲಭೂತ ಸೌಕರ್ಯದ ಕೆಲಸ, ಸೋರಿಕೆ ತಡೆಗಟ್ಟುವುದೇ ಮುಖ್ಯ" ಎಂದೆ. ಅವರು ನೀರಿನ ಪೈಪು ಎಂದುಕೊಂಡರು.

ಅಕ್ಕನಿಗೆ ಇಂಥ ಮುಚ್ಚುಮರೆ ಇಲ್ಲವೇ ಇಲ್ಲ. ದೀಪಾವಳಿಗೆ ನಮ್ಮ ಕನ್ನಡಿಗರೆಲ್ಲ ಪಾರ್ಕಿನಲ್ಲಿ ಸೇರಿದ್ದಾಗ ಅಂತ್ಯಾಕ್ಷರಿಯ ಮಧ್ಯೆ ಮೈಕ್ ಕಸಿದುಕೊಂಡು, "ಮುಟ್ಟಿನ ಬಟ್ಟೆ ಹೊಲಿಯುವುದಕ್ಕೆ ಜನ ಬೇಕು" ಎಂದು ಸಾರಿದಳು. ಸ್ಪೀಕರು ಬೇರೆ ದೊಡ್ಡದು! ಗಂಡಸರೆಲ್ಲ ಏಕಕಾಲಕ್ಕೆ ತಮ್ಮ ತಮ್ಮ ಬಿಸಿಬೇಳೆಭಾತಿನಲ್ಲಿ ಗೋಡಂಬಿ ಹುಡುಕತೊಡಗಿದರು. ಸ್ಯಾಂಪಲ್ ಹಿಡಿದು ಪಕ್ಕದಲ್ಲಿ ನಿಂತಿದ್ದ ನಾನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಒಯ್ದೆ. ಹಿಂದೆ ಕೂತಿದ್ದವರಿಗೆ ಇನ್ನೂ ಚೆನ್ನಾಗಿ ಕಾಣಿಸಿತು.

ಹಿರಿಯ ಅಂಕಲ್ ಒಬ್ಬರು ಎದ್ದು, "ಅಲ್ಲಮ್ಮಾ, ಮಕ್ಕಳು ಮರಿ ಇದ್ದಾರೆ, ಅದಕ್ಕೆ ಬೇರೆ ಪದ ಇಲ್ವಾ?" ಎಂದರು.

"ಉಂಟಲ್ಲ! ನಮ್ಮಲ್ಲಿ ಕಾಗೆ ಮುಟ್ಟಿತು ಅಂತ ಹೇಳುದು. ಕಾಗೆಯ ಬಟ್ಟೆ ಅಂತ ಹೇಳ್ಲಾ? ಕಾಗೆಗೆ ಯಾಕೆ ಬಟ್ಟೆ ಅಂತ ಮಕ್ಕಳು ಕೇಳಿದ್ರೆ ನೀವೇ ಹೇಳ್ಬೇಕು!"

ಅಂಕಲ್ ಕೂತರು. ಮುಂದಿನ ಶನಿವಾರ ಅವರೇ ಮನೆಯಲ್ಲಿದ್ದ ಹಳೇ ಪಂಚೆಗಳನ್ನೆಲ್ಲ ಕಟ್ಟಿಕೊಂಡು ಅಕ್ಕನ ಗ್ಯಾರೇಜಿಗೆ ಬಂದರು.

ಆದರೆ ಆ ಕಾಗೆ ಅಕ್ಕನ ತಲೆಯಿಂದ ಹೋಗಲಿಲ್ಲ. ಅದೇ ತಿಂಗಳು, ಹ್ಯಾಲೋವೀನ್ ಮುಗಿದ ಮೇಲೆ ಅಂಗಡಿಗಳಲ್ಲಿ ದೆವ್ವ, ಬಾವಲಿ, ಕುಂಬಳಕಾಯಿಗಳೆಲ್ಲ ಅಗ್ಗವಾಗಿದ್ದವಲ್ಲ, ಆಗ ಅಕ್ಕ ಕಡುನೇರಳೆ ಬಣ್ಣದ ಫ್ಲಾನೆಲ್ ಬಟ್ಟೆಯ ಥಾನನ್ನೇ ಹೊತ್ತು ತಂದಳು. ಅದರ ತುಂಬಾ ಕಾಗೆಗಳ ಚಿತ್ರ! ಕೂತ ಕಾಗೆ, ಹಾರುವ ಕಾಗೆ, ಕತ್ತು ತಿರುಗಿಸಿ ನಮ್ಮನ್ನೇ ನೋಡುವ ಕಾಗೆ.

"ಅಯ್ಯೋ ಅತ್ತಿಗೆ, ಕಾಗೆ ಶನಿ ವಾಹನ ಅಲ್ವಾ? ಒಳ್ಳೆ ಕೆಲಸಕ್ಕೆ ಇದ್ಯಾಕೆ?" ಎಂದಳು ನನ್ನ ಹೆಂಡತಿ.

"ಕಡು ಬಣ್ಣದಲ್ಲಿ ಕಲೆ ಕಾಣುದಿಲ್ಲ. ಮತ್ತೆ, ಮುಟ್ಟುದೇ ಆದ್ರೆ ಈ ಕಾಗೆ ಮುಟ್ಟಲಿ. ಇದು ಶಾಲೆಗೆ ಕಳಿಸುವ ಕಾಗೆ."

ಮಾರ್ಚ್‌ನಲ್ಲಿ ಆ ಶಾಲೆಯ ಹುಡುಗಿಯರಿಗೆ ಎಂಟನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಅದಕ್ಕೆ ಕೂರದಿದ್ದರೆ ಹೈಸ್ಕೂಲಿಲ್ಲ. ಅಷ್ಟರೊಳಗೆ ಒಬ್ಬೊಬ್ಬರಿಗೂ ಈ ಬಟ್ಟೆಗಳನ್ನು ತುಂಬಿದ ಒಂದೊಂದು ಕಾಗೆ ಚೀಲ ತಲುಪಿರಬೇಕೆಂದು ಅಕ್ಕನ ಹಟ. ನರ್ಸಮ್ಮ ಭಾನುವಾರ ಫ್ಲೈಟ್ ಹತ್ತುವವರು. ಶನಿವಾರ ಬೆಳಿಗ್ಗೆ ಅಕ್ಕ ಸುಮ್ಮನೆ ಒಂದು ಬಟ್ಟೆ ಎತ್ತಿ ರೆಕ್ಕೆ ಜೋಡಿಸಿ ಒತ್ತಿದಳು. ಟಿಚ್ ಎನ್ನಲಿಲ್ಲ. ಇನ್ನೊಂದು ಎತ್ತಿದಳು. ಅದೂ ಇಲ್ಲ.

ಟಿಚ್ ಬಟನ್ನಿಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಇರಬೇಕು ಎಂಬುದು ಲೋಕಕ್ಕೆಲ್ಲ ಗೊತ್ತು. ನಾನು ಕೆಲಸ ಬೇಗ ಸಾಗಲೆಂದು ನನ್ನದೇ ಒಂದು ವಿಧಾನ ಕಂಡುಹಿಡಿದು, ಎರಡೂ ಕಡೆಗೆ ಉಬ್ಬನ್ನೇ ಒತ್ತಿಬಿಟ್ಟಿದ್ದೆ! ಚೀಲ ಚೀಲದ ತುಂಬಾ ಒಂದಕ್ಕೊಂದು ಮೂತಿ ತಿರುಗಿಸಿಕೊಂಡ ಬಟನ್ನುಗಳು. ಹಗಲೆಲ್ಲ ಟವರಿನಿಂದ ಫೋನಿಗೆ ಸಂಪರ್ಕ ಕಲ್ಪಿಸಿ ಸಂಬಳ ತೆಗೆದುಕೊಳ್ಳುವ ಮನುಷ್ಯ ನಾನು.

ಅಕ್ಕ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು. ಅವಳ ಮುಖ ಚಿಕ್ಕ ಹುಡುಗಿಯ ಮುಖದ ಹಾಗೆ ಸಣ್ಣದಾಯಿತು. "ಪರೀಕ್ಷೆ ತಪ್ಪಬಾರ್ದು ಮಾರಾಯಾ," ಎಂದಳು ಅಷ್ಟೇ. ಇಕ್ಕಳ ತಂದು ಎಲ್ಲರೂ ಕೂತೆವು. ಪಂಚೆ ಅಂಕಲ್ಲೂ ಬಂದರು. ಬಟನ್ ಕೀಳುವುದು, ಹೊಸದು ಒತ್ತುವುದು. ಸಂಜೆಯ ಹೊತ್ತಿಗೆ ನನ್ನ ಹೆಬ್ಬೆರಳು ಬದನೆಕಾಯಿಯಾಗಿತ್ತು, ನರ್ಸಮ್ಮನ ಸೂಟ್‌ಕೇಸ್ ತುಂಬಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ಆ ಶಾಲೆಯಿಂದ ವಿಡಿಯೋ ಕಾಲ್. ಅಲ್ಲಿ ಸಂಜೆ. ಹುಡುಗಿಯರೆಲ್ಲ ಕಾಗೆ ಚೀಲ ಹಿಡಿದು ಕಿಸಿಕಿಸಿ ನಗುತ್ತಿದ್ದರು. ಅವರ ಟೀಚರ್, "ಎಲ್ಲಾ ಬಿಟ್ಟು ಕಾಗೆ ಯಾಕೆ ಎಂದು ಕೇಳುತ್ತಿದ್ದಾರೆ" ಎಂದರು. ಅಕ್ಕ ನನ್ನನ್ನು ಮುಂದೆ ತಳ್ಳಿ, "ಇಂಗ್ಲಿಷಿನಲ್ಲಿ ಹೇಳು" ಎಂದಳು. ನಾನು, "ಅದು... ನಮ್ಮ ಕಡೆ... ಒಂದು ಪಕ್ಷಿ..." ಎಂದು ತೊದಲಿದೆ.

"ನೀನು ಬಿಡು," ಎಂದು ಅಕ್ಕ ತನ್ನದೇ ಇಂಗ್ಲಿಷಿನಲ್ಲಿ ಶುರು ಮಾಡಿದಳು. "ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪಬ್ಲಿಕ್ ಪರೀಕ್ಷೆಯ ದಿನ ಬೆಳಿಗ್ಗೆ ನನಗೆ ಕಾಗೆ ಮುಟ್ಟಿತು ಅಂತ ಮನೆಯವರು ಹೇಳಿದ್ರು. ಅದೇ ಮೊದಲ ಸಲ. ಹಿತ್ತಿಲ ಜಗಲಿಯಲ್ಲಿ ಕೂರಿಸಿದ್ರು, ಹೊರಗೆ ಬಿಡಲಿಲ್ಲ. ಪರೀಕ್ಷೆ ಹೋಯ್ತು, ಶಾಲೆಯೂ ಹೋಯ್ತು."

ನನ್ನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. ಓದಿನಲ್ಲಿ ಮನಸ್ಸಿರಲಿಲ್ಲ ಎಂದಿದ್ದರಲ್ಲ ಅಮ್ಮ!

"ಆದ್ರೆ ಈ ನನ್ನ ತಮ್ಮ ಇದ್ದಾನಲ್ಲ, ಆಗ ಇಷ್ಟೇ ಇದ್ದ. ಕಾಗೆ ಮುಟ್ಟಿದ್ದಕ್ಕೆ ಅಕ್ಕ ಪರೀಕ್ಷೆಗೆ ಹೋಗ್ಲಿಲ್ಲ ಅಂತ ಒಂದು ಕೋಲು ಹಿಡಿದು ಬೆಳಿಗ್ಗೆಯಿಂದ ಹಿತ್ತಿಲಿನಲ್ಲಿ ಕಾಗೆ ಓಡಿಸಿದ. ಊಟಕ್ಕೂ ಬರ್ಲಿಲ್ಲ. 'ಇನ್ನು ಒಂದೂ ಇಲ್ಲ ಅಕ್ಕಾ, ಬೇಗ ಹೋಗು' ಅಂತ ತನ್ನ ಸ್ಲೇಟು ತಂದು ಕೊಟ್ಟ. ಈ ಕೆಲಸದಲ್ಲಿ ನನ್ನ ಮೊದಲ ವಾಲಂಟಿಯರ್ ಇವನೇ."

ನನಗೆ ಆ ಕೋಲೂ ನೆನಪಿಲ್ಲ, ಕಾಗೆಗಳೂ ನೆನಪಿಲ್ಲ. ಟೀಚರ್ ಅವರ ಭಾಷೆಯಲ್ಲಿ ಹೇಳಿ ಮುಗಿಸಿದಾಗ ಹುಡುಗಿಯರು ನಗುವುದನ್ನು ನಿಲ್ಲಿಸಿದ್ದರು. ಆಮೇಲೆ ಒಬ್ಬಳು ನನ್ನತ್ತ ಕೈ ಬೀಸಿದಳು. ಅತ್ತುಬಿಟ್ಟೆ, ಹೇಳಲು ನಾಚಿಕೆಯೇನೂ ಇಲ್ಲ.

ಪರೀಕ್ಷೆ ಮುಗಿದ ಮರುದಿನ ನಾವು ಅಕ್ಕನ ಹಿತ್ತಿಲಿನಲ್ಲಿ ಕೂತು ನೀರ್‌ದೋಸೆ ತಿನ್ನುತ್ತಿದ್ದಾಗ ಟೀಚರಿಂದ ಮೆಸೇಜ್ ಬಂತು: ಯಾರಿಗೂ ಪರೀಕ್ಷೆ ತಪ್ಪಲಿಲ್ಲ, ಎಲ್ಲರೂ ಎಲ್ಲಾ ಪೇಪರ್ ಬರೆದರು. ಅಕ್ಕ ಅದನ್ನು ಓದಿದಳು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಅಷ್ಟರಲ್ಲಿ ಬೇಲಿಯ ಮೇಲೊಂದು ಕಾಗೆ ಬಂದು ಕೂತು ಕತ್ತು ತಿರುಗಿಸಿ ನಮ್ಮನ್ನೇ ನೋಡಿತು. ನನಗೇ ತಿಳಿಯದಂತೆ ನನ್ನ ಕೈ ಪಕ್ಕದಲ್ಲಿದ್ದ ಪೊರಕೆಗೆ ಹೋಯಿತು.

"ಬಿಡು ಮಾರಾಯಾ," ಎಂದಳು ಅಕ್ಕ, ತನ್ನ ದೋಸೆಯಲ್ಲಿ ಒಂದು ತುಂಡು ಮುರಿಯುತ್ತಾ. "ಪಾಪ, ಕೂತ್ಕೊಳ್ಳಲಿ. ಪರೀಕ್ಷೆ ಮುಗೀತಲ್ಲ."